ವಾಂತಿ ಬರೋ ಹಾಗೆ ಮಾಡ್ತಾನೆ, ಏನೂ ಬರ್ತಿಲ್ಲ: ನಾಯಿಯ ಹೊಟ್ಟೆ ಉಬ್ಬರ ಗುರುತಿಸೋದು ಹೇಗೆ?

(ಪಾಡ್‌ಕಾಸ್ಟ್‌ನಲ್ಲಿ ಮಾತಾಡಿದ್ದರ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಬಸ್ಸಲ್ಲೋ, ಮೆಟ್ರೋದಲ್ಲೋ, ಪಾತ್ರೆ ತೊಳೀತಾನೋ ಇದನ್ನ ಕೇಳ್ತಾ ಇದ್ದೀರಿ ಅಂದ್ಕೊಂಡಿದ್ದೀನಿ. ಮನೇಲಿ ನಾಯಿ ಇದ್ದರೆ ಇವತ್ತಿನ ಸಂಚಿಕೆಯನ್ನ ದಯವಿಟ್ಟು ಕೊನೇತನಕ ಕೇಳಿ. ನಾಯಿ ಇಲ್ಲ ಅಂದ್ರೆ, ನಾಯಿ ಸಾಕಿರೋ ಒಬ್ಬರಿಗೆ ಕಳಿಸಿ. ಊರಲ್ಲಿ ಅಪ್ಪ ಅಮ್ಮನ ಹತ್ರ ನಾಯಿ ಬಿಟ್ಟು ಬೆಂಗಳೂರಿಗೆ ಬಂದಿರೋರು ಇದ್ದೀರಲ್ಲ, ಇದು ವಿಶೇಷವಾಗಿ ನಿಮಗೆ.

ಮೊದಲೇ ಹೇಳ್ಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಬಿಕಾಂ ಓದಿದವಳು. ಇವತ್ತು ಹೇಳೋದೆಲ್ಲ ನಾನು ಪಶುವೈದ್ಯರ ಹತ್ರ ಕೂತು ಕೇಳಿದ್ದು, ಆಮೇಲೆ ಓದಿ ತಿಳ್ಕೊಂಡಿದ್ದು. ತಿಳ್ಕೊಂಡಿದ್ದು ತಡವಾಗಿ. ಅದಕ್ಕೇ ಈ ಸಂಚಿಕೆ.

46 ಸೆಕೆಂಡಿನ ವಿಡಿಯೋ

ನನ್ನ ಫೋನಲ್ಲಿ ಒಂದು ವಿಡಿಯೋ ಇದೆ. 46 ಸೆಕೆಂಡಿದ್ದು. ಮೂರು ವರ್ಷದ ಹಿಂದೆ ಅಪ್ಪ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದು.

ನಮ್ಮೂರು ಅರಸೀಕೆರೆ ಹತ್ರ. ಮನೇಲಿ ರಾಜ ಅಂತ ಒಬ್ಬ ಇದ್ದ. ಜರ್ಮನ್ ಶೆಫರ್ಡ್, ಎಂಟು ವರ್ಷ. ಅವತ್ತು ಊರಹಬ್ಬ. ನೆಂಟರು ಬರ್ತಾರೆ, ಹೋಗ್ತಾರೆ, ಮಕ್ಕಳು ಓಡಾಡ್ತಾವೆ ಅಂತ ಅವನನ್ನ ಬೆಳಗ್ಗೆಯಿಂದ ಹಿತ್ತಲಲ್ಲಿ ಕಟ್ಟಿಹಾಕಿದ್ರು. ಗದ್ದಲಕ್ಕೆ ಬೊಗಳಿ ಬೊಗಳಿ ಸುಸ್ತಾಗಿದ್ದ. ಮಧ್ಯಾಹ್ನದ ಊಟ ತಪ್ಪಿಹೋಗಿತ್ತು. ರಾತ್ರಿ ಎಂಟು ಗಂಟೆಗೆ ಒಂದೇ ಸಲ, ಬೇಸಿನ್ ತುಂಬ ಅನ್ನ, ಉಳಿದಿದ್ದ ಮಟನ್ ಸಾರು. ಎರಡು ನಿಮಿಷದಲ್ಲಿ ಖಾಲಿ ಮಾಡಿದ. ಆಮೇಲೆ ಬಿಚ್ಚಿಬಿಟ್ರು, ಅಂಗಳದ ತುಂಬ ಓಡಾಡಿದ.

ಒಂಬತ್ತೂ ಮುಕ್ಕಾಲಿಗೆ ಅಪ್ಪ ಫೋನ್ ಮಾಡಿದ್ರು. "ಪುಟ್ಟೀ, ರಾಜ ಯಾಕೋ ಒಂಥರಾ ಮಾಡ್ತಾವ್ನೆ ಕಣೇ. ವಾಂತಿ ಬರೋ ಹಾಗೆ ಮಾಡ್ತಾನೆ, ಏನೂ ಬರ್ತಿಲ್ಲ. ಕೂತ್ಕೊಳ್ಳಲ್ಲ, ಮಲಗಲ್ಲ."

ನಾನು ಹೇಳಿದ್ದು, "ಜಾಸ್ತಿ ತಿಂದಿದ್ದಾನೆ ಅಪ್ಪ. ಹುಲ್ಲು ತಿಂದು ವಾಂತಿ ಮಾಡ್ಕೋತಾನೆ, ಸರಿ ಹೋಗುತ್ತೆ."

ಹತ್ತೂ ಐವತ್ತಕ್ಕೆ ಈ ವಿಡಿಯೋ ಬಂತು. ಜೊತೆಗೆ ಫೋನ್. "ಹಾಸನಕ್ಕೆ ಕರ್ಕೊಂಡು ಹೋಗ್ಲಾ? ಕಾರಿನವನನ್ನ ಕೇಳ್ಲಾ?" ಅಂದ್ರು. ನಾನು ವಿಡಿಯೋ ನೋಡಿದೆ. ನೋಡೇ ಹೇಳಿದ್ದು. "ಈ ಹೊತ್ತಲ್ಲಿ ಬಾಡಿಗೆ ಕಾರಿಗೆ ಮೂರು ಸಾವಿರ ಕೇಳ್ತಾರೆ ಅಪ್ಪ. ಯಾರು ಡಾಕ್ಟರ್ ಇರ್ತಾರೆ ಈಗ? ಬೆಳಗ್ಗೆ ನೋಡೋಣ."

ಬೆಳಗಿನ ಜಾವ ನಾಲ್ಕು ಗಂಟೆಗೆ ರಾಜ ಹೋದ. ಅಮ್ಮ ಪಕ್ಕದಲ್ಲೇ ಕೂತಿದ್ರು.

ಮೊದಲ ಫೋನಿಂದ ಲೆಕ್ಕ ಹಾಕಿದ್ರೆ ಆರು ಗಂಟೆ ಟೈಮ್ ಇತ್ತು. ನಮ್ಮೂರಿಂದ ಹಾಸನಕ್ಕೆ ಒಂದು ಗಂಟೆ ದಾರಿ. ಅಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಆ ರಾತ್ರಿ ಅಲ್ಲಿ ಆಪರೇಷನ್ ಮಾಡೋರು ಸಿಗ್ತಿದ್ರಾ? ನನಗೆ ಗೊತ್ತಿಲ್ಲ, ಯಾಕಂದ್ರೆ ನಾನು ಕೇಳಲೇ ಇಲ್ಲ. ಒಂದು ಫೋನ್ ಕೂಡ ಮಾಡಲಿಲ್ಲ.

ಒಂದು ವಾರದ ನಂತರ ಪರಿಚಯದ ಪಶುವೈದ್ಯರೊಬ್ಬರಿಗೆ ವಿಡಿಯೋ ತೋರಿಸಿದೆ. ಪೂರ್ತಿ ನೋಡಲಿಲ್ಲ ಅವರು. ಹತ್ತನೇ ಸೆಕೆಂಡಿಗೇ ಫೋನ್ ವಾಪಸ್ ಕೊಟ್ಟು, "ಹೊಟ್ಟೆ ತಿರುಚಿಕೊಂಡಿದೆ" ಅಂದ್ರು.

ಆ ವಿಡಿಯೋದ ಧ್ವನಿಯನ್ನ ಸ್ವಲ್ಪ ಹೊತ್ತು ಕೇಳಿಸ್ತೀನಿ. ಕೇಳೋಕೆ ಕಷ್ಟ ಆಗುತ್ತೆ, ಆದ್ರೆ ಈ ಶಬ್ದ ನಿಮಗೆ ನೆನಪಿರಬೇಕು.

(ವಿಡಿಯೋದ ಧ್ವನಿ: ನಾಯಿ ಓಕರಿಸುವ ಶಬ್ದ, ನಡುವೆ ನಡುವೆ ಏದುಸಿರು)

ಕೇಳಿಸ್ತಲ್ಲ? ಹೊಟ್ಟೆಯಿಂದ ಎಳೆದು ಎಳೆದು ಓಕರಿಸ್ತಾನೆ. ಆದ್ರೆ ನೆಲಕ್ಕೆ ಏನೂ ಬೀಳಲ್ಲ. ಬಂದ್ರೆ ಬರೀ ಬಿಳೀ ನೊರೆ, ಅಂಟು ಜೊಲ್ಲು. ಇವತ್ತಿನ ಸಂಚಿಕೆಯಿಂದ ಒಂದೇ ಒಂದು ವಿಷಯ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ನಾಯಿ ಮತ್ತೆ ಮತ್ತೆ ವಾಂತಿಗೆ ಪ್ರಯತ್ನಪಡ್ತಿದೆ, ಏನೂ ಹೊರಗೆ ಬರ್ತಿಲ್ಲ ಅಂದ್ರೆ ಅದು ಅಜೀರ್ಣ ಅಲ್ಲ. ಆ ಕ್ಷಣವೇ ಹೊರಡಬೇಕು.

ಹಸುವಿನ ಉಬ್ಬರ ಬೇರೆ, ನಾಯಿಯ ಉಬ್ಬರ ಬೇರೆ

ಹಳ್ಳಿ ಕಡೆಯವರಿಗೆ ಹೊಟ್ಟೆ ಉಬ್ಬರ ಅನ್ನೋ ಮಾತು ಹೊಸದಲ್ಲ. ಹಸು ಹಸೀ ಮೇವು ಜಾಸ್ತಿ ತಿಂದ್ರೆ ಎಡಗಡೆ ಹೊಟ್ಟೆ ಉಬ್ಬುತ್ತೆ, ಎಣ್ಣೆ ಕುಡಿಸ್ತಾರೆ. ನೊರೆ ಒಡೆದು ಗಾಳಿ ಹೊರಗೆ ಹೋಗುತ್ತೆ. ಎಷ್ಟೋ ಹಸು ಅದರಿಂದ ಉಳಿದಿವೆ. ನಮ್ಮಪ್ಪನೂ ಅವತ್ತು ಅದನ್ನೇ ಮಾಡಿದ್ರು. ಎರಡು ಚಮಚ ಎಣ್ಣೆ. ಅದು ಒಳಗೇ ಹೋಗಲಿಲ್ಲ, ಜೊಲ್ಲಿನ ಜೊತೆ ಆಚೆ ಬಂತು.

ಯಾಕೆ ಒಳಗೆ ಹೋಗಲಿಲ್ಲ? ಹೋಗೋಕೆ ದಾರೀನೇ ಇರಲಿಲ್ಲ. ನಾಯಿಗೆ ಆಗೋದು ಬೇರೆ. ಮೊದಲು ಹೊಟ್ಟೆಚೀಲದಲ್ಲಿ ಗಾಳಿ ತುಂಬುತ್ತೆ. ತುಂಬಿದ ಚೀಲ ಒಳಗೇ ತಿರುಗಿಬಿಡುತ್ತೆ. ಪೆಪ್ಪರ್‌ಮಿಂಟಿನ ಕಾಗದವನ್ನ ಎರಡೂ ತುದಿಗೆ ತಿರುಚಿರ್ತಾರಲ್ಲ, ಹಾಗೆ. ಒಂದು ತುದಿ ಅನ್ನನಾಳ, ಇನ್ನೊಂದು ತುದಿ ಕರುಳು. ಮೇಲೂ ಬಂದ್, ಕೆಳಗೂ ಬಂದ್. ತೇಗಿದ್ರೆ ಗಾಳಿ ಬರಲ್ಲ, ವಾಂತಿ ಆಗಲ್ಲ, ಮುಂದಕ್ಕೂ ಹೋಗಲ್ಲ. ಒಳಗೆ ಮಾತ್ರ ಗಾಳಿ ತುಂಬ್ತಾನೇ ಇರುತ್ತೆ.

ಇಂಗ್ಲಿಷಲ್ಲಿ ಇದನ್ನ ಬ್ಲೋಟ್ ಅಂತಾರೆ. ಹೊಟ್ಟೆ ತಿರುಚಿಕೊಂಡಾಗ ಡಾಕ್ಟರುಗಳು ಜಿಡಿವಿ ಅನ್ನೋ ಹೆಸರು ಬಳಸ್ತಾರೆ. ಸಾಯಿಸೋದು ಗಾಳಿ ಅಲ್ಲ. ಉಬ್ಬಿದ ಹೊಟ್ಟೆ, ಹೃದಯಕ್ಕೆ ರಕ್ತ ವಾಪಸ್ ತರೋ ದೊಡ್ಡ ರಕ್ತನಾಳವನ್ನ ಅಮುಕಿಬಿಡುತ್ತೆ. ಹೃದಯಕ್ಕೆ ರಕ್ತ ಬರದಿದ್ರೆ ಪಂಪ್ ಮಾಡೋದು ಏನನ್ನ? ಬಿಪಿ ಬೀಳುತ್ತೆ, ನಾಯಿ ಶಾಕ್‌ಗೆ ಹೋಗುತ್ತೆ. ಅತ್ತ ಹೊಟ್ಟೆಯ ಗೋಡೆಗೆ ರಕ್ತ ಸಿಗದೆ ಅದು ಸಾಯೋಕೆ ಶುರು ಮಾಡುತ್ತೆ. ಪಕ್ಕದಲ್ಲಿರೋ ಸ್ಪ್ಲೀನ್ ಕೂಡ ಜೊತೆಗೆ ತಿರುಚಿಕೊಳ್ಳಬಹುದು. ಇದೆಲ್ಲ ದಿನಗಟ್ಟಲೆ ನಡೆಯೋದಲ್ಲ, ಕೆಲವೇ ಗಂಟೆಗಳ ಆಟ.

2008ರಲ್ಲಿ ಬಂದ 'ಮಾರ್ಲಿ ಅಂಡ್ ಮಿ' ಸಿನಿಮಾ ನಿಮ್ಮಲ್ಲಿ ಎಷ್ಟೋ ಜನ ನೋಡಿರ್ತೀರಿ. ಮಾರ್ಲಿ ಅನ್ನೋ ಆ ಲ್ಯಾಬ್ರಡಾರ್‌ಗೆ ಆಗೋದು ಇದೇ ಕಾಯಿಲೆ. ನಾನು ಆ ಸಿನಿಮಾ ಎರಡು ಸಲ ನೋಡಿ ಎರಡು ಸಲವೂ ಅತ್ತಿದ್ದೀನಿ. ಆದ್ರೆ ವಯಸ್ಸಾಗಿ ಹೋಯ್ತು ಪಾಪ ಅಂದ್ಕೊಂಡಿದ್ದೆ, ಅಷ್ಟೇ.

ಯಾವುದು ಮಾಮೂಲಿ, ಯಾವುದು ಅಪಾಯ?

ಈಗ ನೀವು ಕೇಳ್ತೀರಿ, ನಾಯಿ ಅಂದ್ಮೇಲೆ ವಾಂತಿ ಮಾಡಲ್ವಾ, ಪ್ರತಿ ಸಲ ಆಸ್ಪತ್ರೆಗೆ ಓಡಬೇಕಾ ಅಂತ. ಬೇಡ. ಮಾಮೂಲಿ ಹೊಟ್ಟೆ ಕೆಟ್ಟರೆ ಹೀಗಿರುತ್ತೆ: ಹುಲ್ಲು ತಿನ್ನುತ್ತೆ, ತಿಂದ ಅನ್ನವನ್ನೋ ಹಳದಿ ನೀರನ್ನೋ ವಾಂತಿ ಮಾಡುತ್ತೆ. ಗಮನಿಸಿ, ಇಲ್ಲಿ *ಹೊರಗೆ ಬರುತ್ತೆ*. ಬಂದ್ಮೇಲೆ ಹಗುರಾಗಿ ಹೋಗಿ ಮಲಗುತ್ತೆ. ಒಂದೆರಡು ಸಲ ಭೇದಿ ಆಗಬಹುದು. ಕರೆದ್ರೆ ಬಾಲ ಅಲ್ಲಾಡಿಸುತ್ತೆ, ನೀರು ಕುಡಿಯುತ್ತೆ. ಬೆಳೆದ, ಆರೋಗ್ಯವಾಗಿರೋ ನಾಯಿಯಾದ್ರೆ ಒಂದು ದಿನ ಗಮನ ಇಟ್ಟು ನೋಡಬಹುದು. ಕಡಿಮೆ ಆಗದಿದ್ರೆ ಡಾಕ್ಟರ್.

ಜಿಡಿವಿಯಲ್ಲಿ ಹಾಗಲ್ಲ. ನನ್ನ ವಿಡಿಯೋದಲ್ಲಿ ಕಾಣೋದನ್ನೇ ಒಂದೊಂದಾಗಿ ಹೇಳ್ತೀನಿ.

ಮೊದಲ ಐದಾರು ಸೆಕೆಂಡ್ ರಾಜ ಓಕರಿಸ್ತಾನೆ, ಏನೂ ಬರಲ್ಲ. ಇದನ್ನ ಹೇಳಿ ಆಯ್ತು.

ಆಮೇಲೆ ಕೂರೋಕೆ ಹೋಗ್ತಾನೆ, ಕೂರಲ್ಲ. ಎದ್ದು ನಾಲ್ಕು ಹೆಜ್ಜೆ ಹಾಕ್ತಾನೆ, ಮತ್ತೆ ಬಗ್ಗುತ್ತಾನೆ, ಮತ್ತೆ ಏಳ್ತಾನೆ. ಯಾವ ಭಂಗಿಯಲ್ಲೂ ಅವನಿಗೆ ಸಮಾಧಾನ ಇಲ್ಲ. ಒಂದು ಸಲ ಕತ್ತು ತಿರುಗಿಸಿ ತನ್ನ ಪಕ್ಕೆಯನ್ನೇ ನೋಡ್ಕೋತಾನೆ. ಕೆಲವು ನಾಯಿಗಳು ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಮೇಲೆತ್ತಿ ನಿಲ್ತಾವೆ. ಮೈಮುರಿಯೋ ಥರ ಕಾಣುತ್ತೆ. ಅದೂ ಹೊಟ್ಟೆನೋವಿನ ಗುರುತು ಆಗಿರಬಹುದು.

ಇಪ್ಪತ್ತನೇ ಸೆಕೆಂಡ್ ಹತ್ರ ಬಾಯಿಂದ ದಾರದ ಹಾಗೆ ಜೊಲ್ಲು ಇಳೀತಾ ಇದೆ. ನುಂಗಿದ್ದು ಕೆಳಗೆ ಹೋಗ್ತಿಲ್ಲ ಅಂತ ಅರ್ಥ.

ಆಮೇಲೆ ಹೊಟ್ಟೆ. ಕೊನೇ ಪಕ್ಕೆಲುಬಿನ ಹಿಂದೆ ಊದಿಕೊಂಡು ಬಿಗಿಯಾಗಿರುತ್ತೆ. ಬೆರಳಲ್ಲಿ ಮೆಲ್ಲಗೆ ತಟ್ಟಿದ್ರೆ ಡೋಲಿನ ಹಾಗೆ ಶಬ್ದ ಬರಬಹುದು. ಆದ್ರೆ ಇಲ್ಲೇ ನಾನು ಮೋಸಹೋಗಿದ್ದು. ವಿಡಿಯೋದಲ್ಲಿ ರಾಜನ ಹೊಟ್ಟೆ ಅಷ್ಟೇನೂ ದೊಡ್ಡದಾಗಿ ಕಾಣಲ್ಲ. ಎದೆಗೂಡು ಆಳವಾಗಿರೋ ನಾಯಿಗಳಲ್ಲಿ, ಮೈತುಂಬ ಕೂದಲಿರೋ ನಾಯಿಗಳಲ್ಲಿ ಉಬ್ಬಿದ ಹೊಟ್ಟೆ ಪಕ್ಕೆಲುಬಿನ ಒಳಗೇ ಅಡಗಿರುತ್ತೆ. ಹೊಟ್ಟೆ ಊದಿಲ್ಲವಲ್ಲ ಅಂತ ಕಾಯಬೇಡಿ.

ಕೊನೆಗೆ ವಸಡು. ಇದನ್ನ ಇವತ್ತೇ, ನಾಯಿ ಚೆನ್ನಾಗಿರೋವಾಗಲೇ ನೋಡಿ ಅಭ್ಯಾಸ ಮಾಡ್ಕೊಳ್ಳಿ. ತುಟಿ ಎತ್ತಿ ವಸಡಿನ ಮೇಲೆ ಬೆರಳಿಂದ ಒತ್ತಿ ಬಿಡಿ. ಬಿಳುಪಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣ ಬರಬೇಕು. ವಸಡು ಪೇಲವ ಆಗಿದ್ರೆ, ಬೂದು ಬಣ್ಣಕ್ಕೆ ತಿರುಗಿದ್ರೆ, ಬಣ್ಣ ವಾಪಸ್ ಬರೋದು ತಡವಾದ್ರೆ ರಕ್ತ ಸರಿಯಾಗಿ ಓಡ್ತಿಲ್ಲ. ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪಾಗಿರುತ್ತೆ. ಆಗ ಕಣ್ಣಿನ ಕೆಳರೆಪ್ಪೆ ಇಳಿಸಿ ಒಳಗಿನ ಬಣ್ಣ ನೋಡಿ. ಏದುಸಿರು, ತೂರಾಡೋದು, ಕುಸಿದು ಬೀಳೋದು ಇದಾದ ಮೇಲಿನ ಹಂತ.

ಎಲ್ಲ ಲಕ್ಷಣಗಳೂ ಸೇರೋತನಕ ಕಾಯಬೇಡಿ. ಖಾಲಿ ಓಕರಿಕೆ ಜೊತೆಗೆ ಚಡಪಡಿಕೆ, ಇವೆರಡೇ ಸಾಕು.

ಜಿಡಿವಿ ಅಲ್ಲದಿದ್ರೂ ಕಾಯಬಾರದ ಇನ್ನು ಕೆಲವು ಇವೆ. ವಾಂತಿಯಲ್ಲಿ ರಕ್ತ, ಟಾರಿನಂಥ ಕಪ್ಪು ಮಲ. ಲಸಿಕೆ ಪೂರ್ತಿ ಆಗದ ಮರಿಗೆ ವಾಂತಿ, ರಕ್ತಭೇದಿ. ಅದು ಪಾರ್ವೋ ಇರಬಹುದು. ಮಾವಿನ ಓಟೆ, ಜೋಳದ ದಿಂಡು, ಮೂಳೆ ನುಂಗಿ ಆಮೇಲೆ ವಾಂತಿ ನಿಲ್ಲದೇ ಇರೋದು. ಇನ್ನು ಹೊಟ್ಟೆ ಗಂಟೆಗಳಲ್ಲಿ ಅಲ್ಲದೆ ವಾರಗಟ್ಟಲೆ ನಿಧಾನಕ್ಕೆ ದೊಡ್ಡದಾಗ್ತಿದ್ರೆ ಅದು ಬೇರೆ ಕಥೆ. ಮರಿಯಲ್ಲಿ ಜಂತುಹುಳು ಇರಬಹುದು, ವಯಸ್ಸಾದ ನಾಯಿಯಲ್ಲಿ ಲಿವರ್ ಅಥವಾ ಹೃದಯದ ತೊಂದರೆಯಿಂದ ನೀರು ತುಂಬಿರಬಹುದು. ಅದಕ್ಕೂ ಡಾಕ್ಟರ್ ಬೇಕು, ಆದ್ರೆ ಮಧ್ಯರಾತ್ರಿ ಓಡಬೇಕಾಗಿಲ್ಲ.

ಆ ಹೊತ್ತಲ್ಲಿ ಏನು ಮಾಡಬೇಕು?

ಮೊದಲು ಏನು ಮಾಡಬಾರದು ಅಂತ ಹೇಳ್ತೀನಿ. ಎಣ್ಣೆ, ಸೋಡಾ, ಜೀರಿಗೆ ಕಷಾಯ, ಮಜ್ಜಿಗೆ, ನಾವು ಗ್ಯಾಸ್‌ಗೆ ತಗೊಳ್ಳೋ ಪುಡಿ, ಮಾತ್ರೆ ಯಾವುದೂ ಬೇಡ. ದಾರಿ ಮುಚ್ಚಿರೋದ್ರಿಂದ ಅದು ಕೆಲಸ ಮಾಡಲ್ಲ. ಓಕರಿಸ್ತಿರೋ ನಾಯಿಯ ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೂ ಹೋಗಬಹುದು. ಹೊಟ್ಟೆ ತಿಕ್ಕಬೇಡಿ. ಗಾಳಿ ಹೋಗಲಿ ಅಂತ ವಾಕಿಂಗ್ ಮಾಡಿಸಬೇಡಿ. ಬಲವಂತವಾಗಿ ವಾಂತಿ ಮಾಡಿಸಬೇಡಿ. ಯೂಟ್ಯೂಬ್ ನೋಡಿ ಸೂಜಿ ಚುಚ್ಚೋದಂತೂ ಖಂಡಿತ ಬೇಡ.

ಮಾಡಬೇಕಾಗಿದ್ದು ಇಷ್ಟೇ. ಒಬ್ಬರು ಗಾಡಿ ತರಲಿ, ಇನ್ನೊಬ್ಬರು ಫೋನ್ ಮಾಡಲಿ. ಫೋನಲ್ಲಿ ಮೂರು ಪ್ರಶ್ನೆ: ಈಗ ಡಾಕ್ಟರ್ ಇದ್ದಾರಾ? ಎಕ್ಸ್‌ರೇ ಇದೆಯಾ? ಈ ರಾತ್ರಿಯೇ ಹೊಟ್ಟೆ ಆಪರೇಷನ್ ಮಾಡೋಕೆ ಆಗುತ್ತಾ? ಆಪರೇಷನ್ ಇಲ್ಲ ಅಂದ್ರೆ, ಎಲ್ಲಿದೆ ಅಂತ ಅವರನ್ನೇ ಕೇಳಿ. ಆಪರೇಷನ್ ದೂರದಲ್ಲಿದ್ದು, ಡಾಕ್ಟರ್ ಮಾತ್ರ ಹತ್ರ ಇದ್ದರೆ, ಮೊದಲು ಅಲ್ಲಿ ಗಾಳಿ ತೆಗೆಸಿ ಡ್ರಿಪ್ ಹಾಕಿಸಿಕೊಂಡು ಮುಂದೆ ಹೋಗಬಹುದಾ ಅಂತಲೂ ಕೇಳಿ. ಮತ್ತೆ, ನೋವಿರೋ ನಾಯಿ ಮನೆಯವರನ್ನೂ ಕಚ್ಚಬಹುದು. ದಪ್ಪ ಬೆಡ್‌ಶೀಟಿನ ಮೇಲೆ ಮಲಗಿಸಿ ಇಬ್ಬರು ಎತ್ತಿ. ಬಾಯಿ ಮಾತ್ರ ಬಿಗಿಯಾಗಿ ಕಟ್ಟಬೇಡಿ, ಅದಕ್ಕೆ ಮೊದಲೇ ಉಸಿರಾಟ ಕಷ್ಟ ಆಗಿರುತ್ತೆ.

ಆಸ್ಪತ್ರೆಯಲ್ಲಿ ಮೊದಲು ಡ್ರಿಪ್ ಹಾಕ್ತಾರೆ, ಟ್ಯೂಬಿನಿಂದಲೋ ಸೂಜಿಯಿಂದಲೋ ಗಾಳಿ ತೆಗೀತಾರೆ. ಎಕ್ಸ್‌ರೇಯಲ್ಲಿ ತಿರುಚಿದ ಹೊಟ್ಟೆ ಕಾರ್ಟೂನಿನ ಪಾಪಾಯ್ ತೋಳು ಮಡಚಿದ ಹಾಗೆ ಕಾಣುತ್ತೆ ಅಂತಾರೆ. ಆಮೇಲೆ ಆಪರೇಷನ್. ತಿರುವು ಬಿಡಿಸಿ, ಸತ್ತುಹೋದ ಭಾಗ ಇದ್ದರೆ ತೆಗೆದು, ಕೊನೆಗೆ ಹೊಟ್ಟೆಯನ್ನ ಒಳಗಿನ ಗೋಡೆಗೆ ಹೊಲೀತಾರೆ. ಅದಕ್ಕೆ ಗ್ಯಾಸ್ಟ್ರೋಪೆಕ್ಸಿ ಅಂತ ಹೆಸರು. ಈ ಹೊಲಿಗೆ ಹಾಕದೆ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ನಾಯಿಗಳಿಗೆ ಮತ್ತೆ ತಿರುಚಿಕೊಳ್ಳುತ್ತೆ. ಆಪರೇಷನ್ ಮಾಡಿಸಿದ್ರೂ ಎಲ್ಲ ನಾಯಿಗಳೂ ಉಳಿಯಲ್ಲ, ಅದನ್ನ ಮುಚ್ಚಿಡೋದಿಲ್ಲ. ಆದ್ರೆ ಬೇಗ ಹೋದಷ್ಟೂ ಉಳಿಯೋ ಸಾಧ್ಯತೆ ಹೆಚ್ಚು.

ಯಾವ ನಾಯಿಗೆ ಹೆಚ್ಚು?

ದೊಡ್ಡ ಮೈಯ, ಆಳವಾದ ಎದೆಯ ತಳಿಗಳಿಗೆ. ಗ್ರೇಟ್ ಡೇನ್ ಎಲ್ಲಕ್ಕಿಂತ ಮುಂದೆ. ಜರ್ಮನ್ ಶೆಫರ್ಡ್, ಡಾಬರ್‌ಮನ್, ಸೇಂಟ್ ಬರ್ನಾರ್ಡ್ ಕೂಡ ಪಟ್ಟಿಯಲ್ಲಿವೆ. ನಮ್ಮ ಮುಧೋಳ ನಾಯಿಯ ಮೈಕಟ್ಟೂ ಅಂಥದ್ದೇ, ಎದೆ ಆಳ, ಸೊಂಟ ಸಣ್ಣ. ಮುಧೋಳ ಸಾಕಿರೋರೂ ಇದನ್ನ ತಲೆಯಲ್ಲಿಟ್ಕೊಳ್ಳಿ. ಹಾಗಂತ ಲ್ಯಾಬ್ರಡಾರ್‌ಗೋ ಬೀದಿಯಿಂದ ತಂದ ನಾಯಿಗೋ ಆಗೋದೇ ಇಲ್ಲ ಅಂತಲ್ಲ.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ದೊಡ್ಡ ತಳಿಯ ನಾಯಿಗಳನ್ನ ವರ್ಷಗಟ್ಟಲೆ ಗಮನಿಸಿ ಅಪಾಯ ಹೆಚ್ಚಿಸೋ ಅಂಶಗಳನ್ನ ಗುರುತಿಸಿದ್ರು. ವಯಸ್ಸು ಹೆಚ್ಚಾಗೋದು, ಅಪ್ಪ ಅಮ್ಮ ಒಡಹುಟ್ಟಿದ ನಾಯಿಗಳಿಗೆ ಇದು ಆಗಿರೋದು, ಗಬಗಬ ತಿನ್ನೋದು. ದಿನಕ್ಕೆ ಒಂದೇ ಸಲ ಹೊಟ್ಟೆತುಂಬ ಹಾಕೋದು, ಭಯ ಮತ್ತು ಗದ್ದಲ ಕೂಡ ಅಪಾಯ ಹೆಚ್ಚಿಸುತ್ತೆ ಅಂತಾರೆ. ನಾನು ಆ ಪಟ್ಟಿ ಓದ್ತಾ ಊರಹಬ್ಬದ ದಿನವನ್ನ ಟಿಕ್ ಮಾಡ್ತಾ ಹೋದೆ. ಇನ್ನೊಂದು ಆಶ್ಚರ್ಯದ ವಿಷಯ, ಊಟದ ಬಟ್ಟಲನ್ನ ಸ್ಟ್ಯಾಂಡಿನ ಮೇಲೆ ಎತ್ತರದಲ್ಲಿ ಇಟ್ಟರೆ ಒಳ್ಳೇದು ಅಂತ ಹಿಂದೆ ಹೇಳ್ತಿದ್ರು. ಆ ಅಧ್ಯಯನದಲ್ಲಿ ಎತ್ತರದ ಬಟ್ಟಲಿನಿಂದ ಅಪಾಯ ಹೆಚ್ಚೇ ಕಂಡಿತು. ಹಾಗಾಗಿ ಡಾಕ್ಟರ್ ಬೇರೆ ಕಾರಣಕ್ಕೆ ಹೇಳದಿದ್ರೆ ಬಟ್ಟಲು ನೆಲದ ಮೇಲೇ ಇರಲಿ.

ಮನೇಲಿ ಮಾಡೋದು ಸುಲಭ. ದಿನದ ಊಟವನ್ನ ಎರಡು ಮೂರು ಸಲ ಹಂಚಿ ಹಾಕಿ. ಗಬಗಬ ತಿನ್ನೋ ನಾಯಿಗೆ ಬೇಸಿನ್ ಬದಲು ದೊಡ್ಡ ಹರಿವಾಣದಲ್ಲಿ ಅನ್ನ ಹರಡಿ ಕೊಡಿ. ಊಟ ಆದ ತಕ್ಷಣ ಓಡಾಡಿಸಬೇಡಿ. ಅಪಾಯ ಹೆಚ್ಚಿರೋ ತಳಿಯಾದ್ರೆ, ಸಂತಾನಹರಣ ಆಪರೇಷನ್ ಮಾಡಿಸೋವಾಗಲೇ ಗ್ಯಾಸ್ಟ್ರೋಪೆಕ್ಸಿ ಸೇರಿಸಬಹುದಾ ಅಂತ ಡಾಕ್ಟರನ್ನ ಕೇಳಿ. ಗಾಳಿ ತುಂಬೋದನ್ನ ಅದು ತಡೆಯಲ್ಲ, ತಿರುಚಿಕೊಳ್ಳೋದನ್ನ ಬಹುಮಟ್ಟಿಗೆ ತಡೆಯುತ್ತೆ.

ಇವತ್ತೇ ಮಾಡಬೇಕಾದ ಕೆಲಸ

ಅಕೌಂಟೆನ್ಸಿಯಲ್ಲಿ ಪ್ರಾವಿಷನ್ ಅಂತ ಓದಿದ್ವಿ. ಯಾವಾಗ ಬರುತ್ತೆ, ಎಷ್ಟು ಬರುತ್ತೆ ಗೊತ್ತಿಲ್ಲದ ಖರ್ಚಿಗೆ ಈಗಲೇ ಹಣ ತೆಗೆದಿಡೋದು. ಈ ಆಪರೇಷನ್ ಅಗ್ಗ ಅಲ್ಲ, ಹತ್ತಾರು ಸಾವಿರ ಆಗುತ್ತೆ. ತಿಂಗಳಿಗೆ ಸಾವಿರ ರೂಪಾಯಿ ಆರ್‌ಡಿ ಕಟ್ಟಿದ್ರೂ ವರ್ಷಕ್ಕೆ ಹನ್ನೆರಡು ಸಾವಿರ ಕೈಯಲ್ಲಿರುತ್ತೆ. ರಾತ್ರಿ ಹನ್ನೊಂದಕ್ಕೆ ಯೋಚನೆ ಮಾಡೋವಾಗ ಆ ಹನ್ನೆರಡು ಸಾವಿರ ನಿಮ್ಮ ಬಾಯಲ್ಲಿ "ಬೆಳಗ್ಗೆ ನೋಡೋಣ" ಅನ್ನೋ ಮಾತು ಬರದ ಹಾಗೆ ತಡೆಯುತ್ತೆ. ದುಡ್ಡು ಹೊಂದಿಸೋಕೆ ಆಗಲೇ ಇಲ್ಲ ಅನ್ನೋರೂ ದಯವಿಟ್ಟು ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಉಳಿಸೋಕೆ ಆಗದಿದ್ರೆ ನೋವಿಲ್ಲದೆ ಹೋಗೋ ಹಾಗಾದ್ರೂ ಮಾಡಬಹುದು. ರಾಜನಿಗೆ ಅದೂ ಸಿಗಲಿಲ್ಲ.

ಆಮೇಲೆ ನಂಬರ್. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ನಿಮ್ಮೂರಲ್ಲಿ ಖಾಸಗಿ ಕ್ಲಿನಿಕ್ ಇರಬಹುದು. ನಾಳೆ ಹಗಲು ಹೊತ್ತಲ್ಲಿ ಫೋನ್ ಮಾಡಿ ಕೇಳಿ, ರಾತ್ರಿ ಎಷ್ಟು ಗಂಟೆತನಕ ಇರ್ತೀರಾ, ಆಪರೇಷನ್ ಮಾಡ್ತೀರಾ ಅಂತ. 1962 ಪಶು ಸಹಾಯವಾಣಿ ದನಕರುಗಳಿಗೆ ತುಂಬ ಉಪಯೋಗದ್ದು, ಆದ್ರೆ ಜಿಡಿವಿಗೆ ಬೇಕಾಗಿರೋದು ಆಪರೇಷನ್ ಥಿಯೇಟರ್. ನಂಬರನ್ನ ಕಾಗದದಲ್ಲಿ ಬರೆದು ಫ್ರಿಡ್ಜ್ ಮೇಲೆ ಅಂಟಿಸಿ. ನಿಮ್ಮ ಫೋನಲ್ಲಿ ಇದ್ದರೆ ಅಮ್ಮನಿಗೆ ಸಿಗಲ್ಲ.

ಹೋದ ಡಿಸೆಂಬರಲ್ಲಿ ಮೈಸೂರಿಂದ ಚಿಕ್ಕಮ್ಮನ ಮಗ ರಾತ್ರಿ ಫೋನ್ ಮಾಡಿದ. ಅವನ ಡಾಬರ್‌ಮನ್ ಒಂದೇ ಸಮ ಓಕರಿಸ್ತಿದೆ ಅಂದ. ನಾನು ಕೇಳಿದ್ದು ಒಂದೇ ಪ್ರಶ್ನೆ, "ಏನಾದ್ರೂ ಹೊರಗೆ ಬಂತಾ?" "ಇಲ್ಲ ಅಕ್ಕ, ಬರೀ ನೊರೆ." "ಫೋನ್ ಇಡು, ಹೊರಡು" ಅಂದೆ. ಸ್ಪ್ಲೀನ್ ತೆಗೀಬೇಕಾಯ್ತು, ನಾಲ್ಕು ದಿನ ಆಸ್ಪತ್ರೆಯಲ್ಲಿತ್ತು. ಈಗ ಅವನ ಸೋಫಾ ಹರೀತಾ ಚೆನ್ನಾಗಿದೆ.

ಕೊನೇದಾಗಿ ಒಂದು ಮಾತು. ರಾಜ ಹೋದ ಮೇಲೆ ಅಪ್ಪ ನನ್ನನ್ನ ಒಂದು ಸಲಾನೂ ಬೈಲಿಲ್ಲ. ತಿಂಗಳಾದ ಮೇಲೆ ನಾನೇ ಕೇಳಿದೆ, "ಅವತ್ತು ನಿಮಗೆ ಏನನ್ಸಿತ್ತು ಅಪ್ಪ?" ಅಂತ. "ಇದು ಅಜೀರ್ಣ ಅಲ್ಲ ಅಂತ ಅನ್ನಿಸ್ತಿತ್ತು ಕಣೇ. ಓದಿದೋಳು ಹೇಳಿದ್ಯಲ್ಲ ಅಂತ ಸುಮ್ನಾದೆ" ಅಂದ್ರು.

ಎಂಟು ವರ್ಷ ಅವನಿಗೆ ಅನ್ನ ಹಾಕಿದ ಮನುಷ್ಯ ಎದುರಿಗೇ ನಿಂತಿದ್ರು. ನಾನು ಇನ್ನೂರು ಕಿಲೋಮೀಟರ್ ದೂರದಲ್ಲಿ ಕೂತು ಬೇಡ ಅಂದೆ. ಊರಿಂದ ಅಪ್ಪನೋ ಅಮ್ಮನೋ ಫೋನ್ ಮಾಡಿ "ಯಾಕೋ ಒಂಥರಾ ಮಾಡ್ತಾನೆ" ಅಂದ್ರೆ ಅವರ ಮಾತನ್ನ ನಂಬಿ. ಕಾರಿನ ಬಾಡಿಗೆ ನೀವು ಇಲ್ಲಿಂದಲೇ ಕಳಿಸಿ.

ಇಷ್ಟೇ ಇವತ್ತಿಗೆ. ಈ ಸಂಚಿಕೆಯನ್ನ ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ.